ಡಬ್ಬಿಗೆ ತುಂಬಿದ ಉಡಿ

ನನ್ನ ತಂಗಿಗೆ ಸಲ್ಲಬೇಕಾಗಿದ್ದ ಉಡಿ ಒಂದು ಮೆಟ್ರೊ ರೈಲಿನ ಡಬ್ಬಿಗೆ ಸಂದಿತು. ಯಾರಿಗಾದರೂ ಹೇಳಿದರೆ ನಗುತ್ತಾರೆ. ನಗಲಿ, ನಗುವಂಥದ್ದೇ. ನನಗೆ ಮಾತ್ರ ಇವತ್ತಿಗೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ನಮ್ಮ ಮನೆ ಹುಮನಾಬಾದಿನ ಹೊರಗೆ, ಪುಣೆ-ಹೈದರಾಬಾದ್ ಹೆದ್ದಾರಿಯ ಮಗ್ಗುಲಿಗೇ ಇದೆ. ಮುಂದೆ ಅಪ್ಪನ ಬೀಜ-ಗೊಬ್ಬರದ ಅಂಗಡಿ, ಹಿಂದೆ ಮನೆ. ಅಂಗಡಿಯ ಎದುರಿಗೆ ಒಂದಿಷ್ಟು ಬಯಲು ಜಾಗ. ಲಾರಿಯವರು ಅಲ್ಲಿ ಗಾಡಿ ನಿಲ್ಲಿಸಿ, ಟೈರು ಬಡಿದು ನೋಡಿ, ಚಹಾ ಕುಡಿದು ಮುಂದೆ ಹೋಗುತ್ತಾರೆ. ಮೂಲದಲ್ಲಿ ನಾವು ಬಸವಕಲ್ಯಾಣದವರು. ಅಪ್ಪ ಇದನ್ನು ದಿನಕ್ಕೊಮ್ಮೆಯಾದರೂ ಯಾರಿಗಾದರೂ ಹೇಳದೆ ಬಿಡುವವನಲ್ಲ. "ನಾವು ಕಲ್ಯಾಣದ ಮಂದೀರಿ. ಜಾತಿಗೆ ಮಣ್ಣು ಕೊಟ್ಟ ಊರು ನಮ್ಮದು," ಎನ್ನುತ್ತಾನೆ. ಗೊಬ್ಬರದ ಚೀಲಕ್ಕಾಗಿ ಕಾಯುತ್ತ ನಿಂತ ರೈತರು ಹೌದ್ರಿ ಹೌದ್ರಿ ಎಂದು ತಲೆ ಆಡಿಸುತ್ತಾರೆ. ಗೊಬ್ಬರ ಬೇಕಾದವರು ಇನ್ನೇನು ಮಾಡಿಯಾರು?

ನಾನು ಹಿರಿಯಳು. ಮದುವೆಯಾಗಿ ಮೂರನೇ ವರ್ಷಕ್ಕೆ ಗಂಡ ತೀರಿಕೊಂಡ. ತವರಿಗೆ ಬಂದೆ, ಓದು ಮುಂದುವರಿಸಿದೆ, ದುಬಲಗುಂಡಿಯ ಸಾಲೆಯಲ್ಲಿ ಮಾಸ್ತರಿಕೆ ಸಿಕ್ಕಿತು. ಬೆಳಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತೇನೆ. ತಂಗಿ ನನಗಿಂತ ಬಹಳ ಚಿಕ್ಕವಳು. ಆಕೆಗೆ ನಾನು ಅಕ್ಕನೂ ಹೌದು, ಅರ್ಧ ಅವ್ವನೂ ಹೌದು.

ಅಪ್ಪನ ಅಂಗಡಿಗೆ ಗೊಬ್ಬರದ ಲೋಡು ಬಂದಾಗ ಚೀಲ ಇಳಿಸಲು ದುಬಲಗುಂಡಿ ಕಡೆಯಿಂದ ನಾಲ್ಕು ಮಂದಿ ಬರುತ್ತಿದ್ದರು. ಅವರಲ್ಲೊಬ್ಬ ಐಟಿಐ ಓದುತ್ತಿದ್ದ. ಮನೆಯಲ್ಲಿ ಎಲ್ಲರೂ ಹೊಲದ ಕೂಲಿ ಮಾಡುವವರು. ಅವನ ಜಾತಿ ಯಾವುದು ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುವವರು ಕೂಡಲೇ ಅಪ್ಪನ ಪಕ್ಷ ಇಲ್ಲವೇ ಅವನ ಪಕ್ಷ ಹಿಡಿದು ಕೂಡುತ್ತಾರೆ. ಅಪ್ಪನಿಗೆ ಅವನನ್ನು ಕಂಡರೆ ಬಹಳ ಪ್ರೀತಿ. ಕೈ ತೊಳೆಸಿ, ಪಡಸಾಲೆಯಲ್ಲಿ ತನ್ನ ಪಕ್ಕದಲ್ಲೇ ಕೂಡಿಸಿಕೊಂಡು ರೊಟ್ಟಿ ತಿನ್ನಿಸಿ, "ನೋಡ್ರಿ, ನಮ್ಮ ಮನ್ಯಾಗ ಭೇದ ಇಲ್ಲ," ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ. ತೋರಿಸುವವರೆಗೆ ಎಲ್ಲ ಸರಿಯಿತ್ತು. ಆ ಹುಡುಗ ಪುಣೆಗೆ ಹೋಗಿ, ಮೆಟ್ರೊ ಹಾದಿಯ ಕಂಬಗಳ ಮೇಲೆ ವಾಯರ್ ಎಳೆಯುವ ಕೆಲಸಕ್ಕೆ ಸೇರಿ, ಒಂದು ವರ್ಷದ ಮೇಲೆ ತಂಗಿಯನ್ನು ಕೇಳಲು ಬಂದಾಗ ಅಪ್ಪನ ಬಾಯಿಂದ ಬಂದದ್ದು ಮೂರೇ ಮಾತು. "ಅವ ನಮ್ಮವ ಅಲ್ಲ."

ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಈ ಗಾದೆಯನ್ನು ಅಪ್ಪನೇ ಬೇರೆಯವರಿಗೆ ಎಷ್ಟೋ ಸಲ ಹೇಳಿದ್ದಾನೆ.

ತಂಗಿ ಒಂದು ಮಧ್ಯಾಹ್ನ ಎಲ್ಲರ ಎದುರಿಗೇ ಒಂದು ಬ್ಯಾಗು ಹಿಡಿದು ಹೊರಟಳು. ಕದ್ದು ಓಡಿಹೋದಳು ಎಂದು ಮಂದಿ ಹೇಳುತ್ತಾರೆ, ಅದು ಸುಳ್ಳು. ಚಪ್ಪಲಿ ಮೆಟ್ಟಿಕೊಂಡು, "ಹೋಗಿ ಬರ್ತೀನಿ," ಎಂದು ಹೇಳಿಯೇ ಹೋದಳು. ಅಪ್ಪ ಗಲ್ಲಾದ ಮೇಲಿಂದ ಮುಖ ಎತ್ತಲಿಲ್ಲ. ಅವ್ವ ಅಡುಗೆಮನೆಯ ಬಾಗಿಲಲ್ಲಿ ಮೊರದಲ್ಲಿ ಅಕ್ಕಿ ಹಿಡಿದುಕೊಂಡು ನಿಂತಿದ್ದಳು. ಮುಂದೆ ಒಂದು ಹೆಜ್ಜೆ ಇಟ್ಟಳು. ಅಪ್ಪ ತಲೆ ತಗ್ಗಿಸಿಕೊಂಡೇ, "ಒಳಗ ನಡಿ," ಅಂದ. ಅವ್ವ ಒಳಗೆ ಹೋದಳು. ಮೊರದ ಅಕ್ಕಿ ಮೊರದಲ್ಲೇ ಉಳಿಯಿತು.

ನಮ್ಮ ಕಡೆ ಮಗಳನ್ನು ಬರಿ ಉಡಿಯಲ್ಲಿ ಕಳಿಸುವುದಿಲ್ಲ. ಗಂಡನ ಮನೆಗೆ ಹೊರಟವಳು ಸೆರಗು ಒಡ್ಡುತ್ತಾಳೆ. ತಾಯಿಯೋ ಇನ್ನೊಬ್ಬ ಮುತ್ತೈದೆಯೋ ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಉತ್ತತ್ತಿ, ಅಡಿಕೆ, ಒಂದು ಕುಬಸದ ಖಣ ಹಾಕಿ ಉಡಿ ತುಂಬುತ್ತಾಳೆ. ತುಂಬಿಸಿಕೊಂಡವಳು ಅದರಿಂದ ನಾಲ್ಕು ಕಾಳು ತೆಗೆದು ತವರಿನ ಹೊಸ್ತಿಲೊಳಗೆ ಬಿಟ್ಟು ಹೋಗಬೇಕು, ತವರು ಬರಿದಾಗಬಾರದೆಂದು. ಜಗಳವಾಡಿ ಹೊರಟವಳಿಗೂ ಉಡಿ ತುಂಬುತ್ತಾರೆ. ಮುಖ ತಿರುಗಿಸಿಕೊಂಡಾದರೂ ತುಂಬುತ್ತಾರೆ.

ತಂಗಿ ಹೋದ ಮೇಲೆ ಅವ್ವನಿಗೆ ಇದೊಂದೇ ಕೊರಗು. ಮಗಳು ಬೇರೆ ಜಾತಿಯವನನ್ನು ಮಾಡಿಕೊಂಡದ್ದು ಅವಳ ಮನಸ್ಸಿಗೆ ಅಷ್ಟು ಹತ್ತಲಿಲ್ಲ, ಬರಿ ಉಡಿಯಲ್ಲಿ ಹೋದದ್ದು ಹತ್ತಿತು. ತಂಗಿಗೆ ಹೊಟ್ಟೆಯಲ್ಲಿದ್ದದ್ದು ಒಮ್ಮೆ ನಿಲ್ಲಲಿಲ್ಲ. "ಬರಿ ಉಡಿ," ಅಂದಳು ಅವ್ವ. ಅವನು ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ, "ಬರಿ ಉಡಿ." ಪುಣೆಯಲ್ಲಿ ಮಳೆ ಜಾಸ್ತಿಯಾಗಿ ಅವರ ಮನೆಯೊಳಗೆ ನೀರು ಬಂತು, ಅದಕ್ಕೂ ಅದೇ. ಅಪ್ಪ ಮಾತ್ರ, ನಿಮಗೆ ಮಕ್ಕಳೆಷ್ಟು ಎಂದು ಕೇಳಿದವರಿಗೆ, "ಒಬ್ಬಾಕೇ ಮಗಳು, ಟೀಚರ್ ಇದ್ದಾಳ," ಎನ್ನಲು ಶುರುಮಾಡಿದ್ದ. ನನ್ನನ್ನು ಹೊಗಳಿದಂತೆ ಹೇಳುತ್ತಿದ್ದ. ನನಗೆ ಆ ಹೊಗಳಿಕೆ ಕೇಳಿದರೆ ಕಿವಿಯಲ್ಲಿ ಸೀಸ ಸುರಿದಂತಾಗುತ್ತಿತ್ತು.

ಒಂದು ದಿನ ನಾನೇ ಹೇಳಿದೆ. "ಅವ್ವಾ, ಇಷ್ಟ್ಯಾಕ ಅಳ್ತಿ? ಎಲ್ಲ ಕಟ್ಟಿ ಕೊಡು. ಮುಂದಿನ ತಿಂಗಳು ಸಾಲಿ ಸೂಟಿ ಅದ, ಬಸ್ ಹತ್ತಿ ಪುಣೆಗೆ ಹೋಗ್ತೀನಿ. ನಿನ್ನ ಹೆಸರಿಲೆ ನಾನೇ ಆಕಿ ಉಡಿ ತುಂಬಿ ಬರ್ತೀನಿ. ಅಪ್ಪಗ ಟ್ರೇನಿಂಗ್ ಅದ ಅಂತ ಹೇಳಿದ್ರಾಯ್ತು."

ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಿ ನನ್ನ ಹಣೆ ನೋಡಿದಳು, ಆಮೇಲೆ ನನ್ನ ಕೈ ನೋಡಿದಳು.

"ನಿನ್ನ ಕೈಲೆ ಬ್ಯಾಡವ್ವ," ಅಂದಳು. "ಆಕಿ ಹೊಸ ಸಂಸಾರ ಅದ."

ಕೆಟ್ಟ ದನಿಯಲ್ಲಿ ಹೇಳಲಿಲ್ಲ. ಬಹಳ ಮೆತ್ತಗೆ, ಬಿಸಿ ಪಾತ್ರೆ ಮುಟ್ಟಬೇಡ ಎಂದು ಚಿಕ್ಕ ಮಕ್ಕಳಿಗೆ ಹೇಳುವ ದನಿಯಲ್ಲಿ ಹೇಳಿದಳು. ಮತ್ತೆ ರೊಟ್ಟಿ ಬಡಿಯತೊಡಗಿದಳು. ಅದೇ ಕೈಯಿಂದ ನಾನು ಊರ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸಿದ್ದೇನೆ. ಅದೇ ಕೈಯಿಂದ ತಂಗಿಗೆ ಹೇನು ತೆಗೆದು ಜಡೆ ಹಾಕಿದ್ದೇನೆ. ಅದೇ ಕೈಯ ಸಾರು ಅವ್ವ ಆ ಮಧ್ಯಾಹ್ನವೂ ಉಂಡಳು. ಜಡೆಗೆ ಬೇಕು, ಸಾರಿಗೆ ಬೇಕು, ಉಡಿಗೆ ಬೇಡ. ಸಾಲೆಯಲ್ಲಿ ಇನ್‌ಸ್ಪೆಕ್ಟರರ ಎದುರಿಗೇ ಜಗಳಕ್ಕೆ ನಿಲ್ಲುವವಳು ನಾನು, ಅವತ್ತು ಬಾಯಿಗೆ ಬೀಗ ಬಿತ್ತು.

ಆ ಬೇಸಿಗೆಯಲ್ಲೇ ಡಬ್ಬಿ ಬಂತು.

ಸಾಲೆಯಿಂದ ಬಂದು ಬಸ್ಸಿಳಿದರೆ ಅಂಗಡಿಯ ಮುಂದೆ ಜಾತ್ರೆಯಷ್ಟು ಜನ. ನಮ್ಮ ಮನೆ ಕಾಣುತ್ತಿರಲಿಲ್ಲ. ಮನೆಗೂ ರಸ್ತೆಗೂ ನಡುವೆ ಉದ್ದನೆಯ ಟ್ರೇಲರ್ ನಿಂತಿತ್ತು, ಲೆಕ್ಕ ಸಿಗದಷ್ಟು ಗಾಲಿಗಳು. ಅದರ ಮೇಲೆ ಬಿಳಿ ತಾಡಪತ್ರಿ ಹೊದ್ದ ರೈಲಿನ ಡಬ್ಬಿ. ಒಂದು ಕಡೆ ಗಾಳಿಗೆ ತಾಡಪತ್ರಿ ಹರಿದಿತ್ತು. ಅಲ್ಲಿ ಹೊಳೆಯುವ ಬಣ್ಣದ ಪಟ್ಟಿ, ಅಗಲ ಕಿಟಕಿ, ಮುಚ್ಚಿದ ಜೋಡಿ ಬಾಗಿಲು. ಕಿಟಕಿಯಲ್ಲಿ ಇಣುಕಿದರೆ ಒಳಗೆ ಪ್ಲಾಸ್ಟಿಕ್ ಸುತ್ತಿದ ಸೀಟುಗಳು, ಮೇಲೆ ಸಾಲಾಗಿ ಜೋತುಬಿದ್ದ ಹಿಡಿಕೆಗಳು. ಯಾರೂ ಇನ್ನೂ ಕೂತಿಲ್ಲ, ಯಾರೂ ಇನ್ನೂ ಹಿಡಿದಿಲ್ಲ.

ಟ್ರೇಲರಿನ ಬೇರಿಂಗ್ ಹೋಗಿತ್ತು. ಹೈದರಾಬಾದಿನಿಂದ ಸಾಮಾನು ಬರುವವರೆಗೆ ಹೊರಡುವಂತಿರಲಿಲ್ಲ. ಡ್ರೈವರ್ ಸೊಲ್ಲಾಪುರದ ಕಡೆಯವನು, ಕನ್ನಡ ಮಾತಾಡುತ್ತಿದ್ದ. ಘಾಟು ತಪ್ಪಿಸಿ ಸುತ್ತು ಹಾದಿ ಹಿಡಿದು ಬಂದಿದ್ದಾಗಿ ಹೇಳಿದ. "ಪುಣೆ ಮೆಟ್ರೊದ್ದು ರೀ. ಅಲ್ಲಿ ಕಂಬದ ಮ್ಯಾಲೆ ಓಡ್ತದ. ಇದರ ಗಾಲಿ ಬ್ಯಾರೆ ಗಾಡಿನ್ಯಾಗ ಮುಂದ ಹೋಗ್ಯಾವ."

ಪುಣೆ ಎಂಬ ಹೆಸರು ಕೇಳಿದ್ದೇ ತಡ, ಅವ್ವ ಬಾಗಿಲಿಗೆ ಬಂದು ನಿಂತಳು.

ಅಪ್ಪನ ಸಡಗರ ಹೇಳತೀರದು. ತೆಂಗಿನಕಾಯಿ ತರಿಸಿದ, ಟ್ರೇಲರಿನ ಮುಂದೆ ತಾನೇ ಒಡೆದ, ನಿಂಬೆಹಣ್ಣು ಗಾಲಿಯಡಿಗೆ ಇಟ್ಟ. ಮಾಣಿಕನಗರದಿಂದ ಆಟೋ ಮಾಡಿಕೊಂಡು ನೋಡಲು ಬಂದವರಿಗೆ ಅಂಗಡಿಯ ಕುರ್ಚಿ ಹಾಕಿಸಿ ಭಾಷಣವನ್ನೇ ಮಾಡಿದ. "ಇದರಾಗ ಹತ್ತೋರಿಗೆ ಯಾರೂ ನಿನ್ನ ಜಾತಿ ಯಾವ್ದು ಅಂತ ಕೇಳಂಗಿಲ್ರಿ. ಟಿಕೀಟ್ ಇದ್ರ ಮುಗೀತು. ಒಬ್ಬ ಎದ್ದ ಸೀಟಿನ್ಯಾಗ ಇನ್ನೊಬ್ಬ ಕುಂದ್ರತಾನ, ಮೈಗೆ ಮೈ ಹತ್ತಸ್ಕೊಂಡು ಹೋಗ್ತಾರ. ನಮ್ಮ ಕಲ್ಯಾಣದಾಗ ಶರಣರು ಅಂದಿದ್ದು ಇದೇ ಅಲ್ಲೇನ್ರಿ?"

ಜನ ಚಪ್ಪಾಳೆ ತಟ್ಟಿದರು. ನಾನು ಅವ್ವನ ಪಕ್ಕದಲ್ಲಿ ನಿಂತಿದ್ದೆ. ಅವ್ವ ನನಗೆ ಮಾತ್ರ ಕೇಳುವಂತೆ, "ನಿಮ್ಮಪ್ಪನ್ನ ಅದರೊಳಗ ಕೂಡಿಸಿ ನಾಕು ದಿನ ತಿರಗಸ್ಬೇಕಿತ್ತು," ಅಂದಳು. ನನಗೆ ನಗು ಬಂತು. ಎಷ್ಟೋ ದಿನಗಳ ಮೇಲೆ ಇಬ್ಬರೂ ಒಟ್ಟಿಗೆ ನಕ್ಕೆವು. ಆಮೇಲೆ ಅವ್ವ ಡಬ್ಬಿಯನ್ನೇ ನೋಡುತ್ತ, "ಪಾಪ, ಕಾಲಿಲ್ಲ. ಮದಲಗಿತ್ತಿನ ಹೊತ್ಕೊಂಡು ಹೊಂಟಂಗ ಹೊಂಟಾರ," ಅಂದಳು. ನನಗೆ ಆಗಲೇ ಗೊತ್ತಾಗಬೇಕಿತ್ತು.

ಮರುದಿನ ಗುರುವಾರ. ಅಪ್ಪ ಗುರುವಾರ ಮಧ್ಯಾಹ್ನ ಮಾಣಿಕನಗರದ ಮಠಕ್ಕೆ ತಪ್ಪದೆ ಹೋಗುತ್ತಾನೆ. ನನಗೆ ಅವತ್ತು ಸಾಲೆ ಅರ್ಧ ದಿನ. ಮನೆಗೆ ಬಂದರೆ ಅವ್ವ ಹೊಸ ಇಳಕಲ್ ಸೀರೆ ಉಟ್ಟು, ತಲೆ ಮೇಲೆ ಸೆರಗು ಹೊದ್ದು ನಿಂತಿದ್ದಳು. ಕೈಯಲ್ಲಿ ಹಿತ್ತಾಳೆಯ ತಾಟು. ತಾಟಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಉತ್ತತ್ತಿ, ಅಡಿಕೆ. ಮೇಲೆ ಹಸಿರು ಖಣ, ಕೆಂಪು ದಡಿಯದು. ಆ ಖಣ ನನಗೆ ಗೊತ್ತು. ತಂಗಿಯ ಮದುವೆಗೆಂದು ಅವಳು ಹತ್ತನೇ ಇಯತ್ತೆಯಲ್ಲಿದ್ದಾಗಲೇ ಬಸವಕಲ್ಯಾಣದ ಪೇಟೆಯಲ್ಲಿ ತೆಗೆದಿಟ್ಟದ್ದು.

"ಎಲ್ಲಿಗವ್ವಾ?"

"ಎರಡು ದಿನ ನಮ್ಮ ಮನಿ ಮುಂದ ನಿಂತಾದ," ಅಂದಳು. "ಪುಣೆಗೆ ಹೊಂಟದ. ಅವ ಎಳದ ವಾಯರಿನ ಕೆಳಗ ಓಡೂದು ಅದು. ಬರಿ ಉಡಿಲೆ ಹ್ಯಾಂಗ ಕಳಸ್ಲಿ?"

ನಾನು ತಾಟು ಹಿಡಿದುಕೊಳ್ಳಲು ಕೈ ಚಾಚಿದೆ. ಅವ್ವ ತಾಟನ್ನು ಎದೆಗೆ ಅವಚಿಕೊಂಡಳು. "ನೀ ಇಲ್ಲೇ ನಿಲ್ಲು."

ಅಂಗಡಿಯ ಕಟ್ಟೆಯ ಮೇಲೆ ನಿಂತು ಎಲ್ಲ ನೋಡಿದೆ. ಅವ್ವ ಗೊಬ್ಬರದ ಚೀಲವೊಂದರ ಮೇಲೆ ಹತ್ತಿದಳು. ತಾಡಪತ್ರಿ ಹರಿದ ಕಡೆ, ಬಾಗಿಲ ಪಕ್ಕಕ್ಕೆ ಅರಿಶಿನ ಹಚ್ಚಿದಳು, ಕುಂಕುಮ ಹಚ್ಚಿದಳು. ಖಣದಲ್ಲಿ ಎಲ್ಲ ಹಾಕಿ ಗಂಟು ಕಟ್ಟಿದಳು. ತಾಡಪತ್ರಿಗೆ ಬಿಗಿದ ಹಗ್ಗಕ್ಕೆ ಆ ಗಂಟನ್ನು ಸಿಕ್ಕಿಸಿದಳು. ಕೆಳಗೆ ಮಲಗಿದ್ದ ಡ್ರೈವರ್ ಎದ್ದು ಬಂದು, "ಅವ್ವಾರ, ಇದು ಲೋಖಂಡದ್ದು ಅದ," ಅಂದ. ಅವ್ವ, "ಇರ್ಲಿ ಬಿಡಪ್ಪಾ," ಅಂದಳು. ಆಮೇಲೆ ಬಾಗಿಲಿಗೆ ಕೈ ಇಟ್ಟು ಏನೋ ಹೇಳಿದಳು. ನನಗೆ ಕೇಳಲಿಲ್ಲ. ಹೇಳಿದ್ದು ಡಬ್ಬಿಗಂತೂ ಅಲ್ಲ.

ಎಂಥ ತಾಯಿ ಎಂದು ಯಾರಾದರೂ ಕಣ್ಣೊರೆಸಿಕೊಳ್ಳಬಹುದು. ನನಗೆ ಅವತ್ತು ಕಣ್ಣೀರು ಬಂದದ್ದು ಬೇರೆ ಕಾರಣಕ್ಕೆ. ಕಬ್ಬಿಣದ ಡಬ್ಬಿಯ ಕೈಲಿ ಉಡಿ ಕಳಿಸಬಹುದು, ಹೆತ್ತ ಮಗಳ ಕೈಲಿ ಬೇಡ! ಲೋಖಂಡಕ್ಕೆ ಗಂಡ ಸಾಯುವುದಿಲ್ಲವಲ್ಲ, ಅದಕ್ಕೆ ಅದು ಶುಭ.

ಸಂಜೆ ಅಪ್ಪ ಬಂದ. ಬಾಗಿಲ ಪಕ್ಕದ ಅರಿಶಿನ ಕುಂಕುಮ ನೋಡಿದ. "ಛಲೋ ಮಾಡಿದಿ. ಲಕ್ಷ್ಮಿ ಇದ್ದಂಗ ಅದು," ಎಂದು ಅವ್ವನನ್ನು ಹೊಗಳಿದ. ಅವ್ವ ಅವನಿಗೆ ನೀರು ಕೊಟ್ಟಳು.

ಮರುದಿನ ಬೆಳಗ್ಗೆ ನಾನು ಬಸ್ಸಿಗೆ ಹೊರಟಾಗ ಬೇರಿಂಗ್ ಕೂಡಿಸಿ ಆಗಿತ್ತು. ಡ್ರೈವರ್ ಹೊರಡುವ ತಯಾರಿಯಲ್ಲಿದ್ದ. ಗಾಡಿಯ ಕನ್ನಡಿ ಒರೆಸುತ್ತಿದ್ದ. ಕೈಯಲ್ಲಿದ್ದ ಬಟ್ಟೆ ಹಸಿರು, ದಡಿ ಕೆಂಪು.

ನನ್ನ ಮುಖ ನೋಡಿ ಅವನಿಗೇ ಗಾಬರಿಯಾಯಿತು. "ಟೀಚರ್, ಸಿಟ್ಟಾಗಬ್ಯಾಡ್ರಿ. ಹಗ್ಗಕ್ಕ ಏನೂ ಕಟ್ಟಂಗಿಲ್ಲ. ಅಲ್ಲಿ ಡಿಪೋದಾಗ ಇಳಸೋ ಮುಂದ ಸಾಹೇಬ್ರು ಬೈತಾರ. ಅಕ್ಕಿ ಹಕ್ಕಿಗೆ ಹಾಕೀನ್ರಿ. ಕೊಬ್ಬರಿ ಉತ್ತತ್ತಿ ಪ್ರಸಾದ ಅಂತ ನಾವೇ ತಿಂದೀವಿ. ಛಲೋ ಇದ್ದವು."

ಅವನಿಗೆ ಏನೆಂದು ಬೈಯಲಿ? ಅವನು ತನ್ನ ಕೆಲಸ ಮಾಡಿದ್ದ. ಪ್ರಸಾದವೆಂದು ಕಣ್ಣಿಗೊತ್ತಿಕೊಂಡೇ ತಿಂದಿರಬೇಕು. "ಹೋಗಿ ಬರ್ರಿ," ಅಂದೆ. ಟ್ರೇಲರ್ ನರಳುತ್ತ ರಸ್ತೆಗೆ ಏರಿತು, ಪಡುವಲಕ್ಕೆ ತಿರುಗಿತು. ಅದು ಹೋದ ಮೇಲೆ ನಮ್ಮ ಮನೆಗೆ ಮತ್ತೆ ಬೆಳಕು ಬಿತ್ತು.

ಅವ್ವ ಸದ್ದು ಕೇಳಿ ಹೊರಗೆ ಓಡಿ ಬಂದಳು. ಡಬ್ಬಿ ನಿಂತಿದ್ದ ಜಾಗದಲ್ಲಿ, ಎಣ್ಣೆಯ ಕಲೆಯ ಪಕ್ಕ, ಹಕ್ಕಿ ಬಿಟ್ಟ ಅಕ್ಕಿಕಾಳು ಬಿದ್ದಿದ್ದವು. ಅವ್ವ ಕೂತು ಒಂದೊಂದೇ ಆರಿಸಿ ಸೆರಗಿನ ತುದಿಗೆ ಕಟ್ಟಿಕೊಂಡಳು. ಮುಖ ಎತ್ತಿ ನನ್ನ ಕಡೆ ನೋಡಿದಳು. ಅಷ್ಟು ಗೆಲುವಾದ ಮುಖ ನಾನು ವರ್ಷಗಳಿಂದ ನೋಡಿರಲಿಲ್ಲ.

"ನೋಡಿದೇನು?" ಅಂದಳು. "ತವರಿಗೆ ನಾಕು ಕಾಳು ಬಿಟ್ಟೇ ಹೋಗ್ಯಾಳ."

ನಾನು, "ಹೌದವ್ವ," ಅಂದೆ. ಬಸ್ಸು ಬಂತು, ಹತ್ತಿದೆ. ಆ ಕಾಳನ್ನು ಅವಳು ಮನೆಯ ಅಕ್ಕಿ ಡಬ್ಬದಲ್ಲಿ ಬೆರೆಸಿದಳು. ನಾವೆಲ್ಲ ಅದನ್ನು ಉಂಡೆವು, ಅಪ್ಪನೂ ಉಂಡ. ಆ ದಿನದಿಂದ ಅವ್ವ "ಬರಿ ಉಡಿ" ಎನ್ನುವುದನ್ನು ಬಿಟ್ಟಳು. ಅವಳ ಮಟ್ಟಿಗೆ ಮಗಳ ಉಡಿ ತುಂಬಿ ಆಗಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಅವ್ವ ಹೋದಳು. ಎದೆ ನೋವು ಅಂದಳು, ದವಾಖಾನೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ನಾನು ತಂಗಿಗೆ ಫೋನ್ ಮಾಡಿದೆ. ಅಪ್ಪನಿಗೆ ಹೇಳಿಯೇ ಮಾಡಿದೆ. ಅಪ್ಪ ಬೇಡ ಅನ್ನಲಿಲ್ಲ. ಬೇಡ ಅಂದಿದ್ದರೆ ಎಲ್ಲರ ಎದುರಿಗೆ ಜಗಳ ತೆಗೆಯುತ್ತಿದ್ದೆ, ಅದು ಅವನಿಗೆ ಗೊತ್ತು. ಅವನು ಮಣ್ಣು ಮಾಡುವ ಹೊತ್ತನ್ನು ಮುಂದಕ್ಕೆ ಎಳೆದ, ಅಷ್ಟೆ. "ತಡಾ ಮಾಡಬಾರದು, ಶರಣರ ಪದ್ಧತಿ ಅಲ್ಲ," ಅಂದ. ಯಾರಿಗೂ ಗೊತ್ತಿಲ್ಲದ ಪದ್ಧತಿ ಅವತ್ತು ಹುಟ್ಟಿತು. ಪುಣೆಯ ಬಸ್ಸು ಹುಮನಾಬಾದಿಗೆ ಬರುವಾಗ ನಾವು ಸ್ಮಶಾನದಿಂದ ಬಂದು ತಲೆ ಮೇಲೆ ನೀರು ಹಾಕಿಕೊಳ್ಳುತ್ತಿದ್ದೆವು. ಊರಿಗೆ ಉಪಕಾರಿ, ಮನೆಗೆ ಮಾರಿ.

ಬಸ್‌ಸ್ಟ್ಯಾಂಡಿಗೆ ಹೋದೆ. ತಂಗಿ ನನ್ನ ಹಸಿ ತಲೆ ನೋಡಿಯೇ ತಿಳಿದುಕೊಂಡಳು. ಅಳಲಿಲ್ಲ. ಕಲ್ಲಿನ ಬೆಂಚಿನ ಮೇಲೆ ಕೂತು ಚಹಾ ಕುಡಿದಳು, ನನಗೂ ಕುಡಿಸಿದಳು. ಮನೆಗೆ ನಡಿ ಎಂದು ಎಳೆದೆ. "ಯಾರ ಮನಿಗೆ?" ಅಂದಳು. ಮುಂದಿನ ಬಸ್ಸು ಹತ್ತಿ ಕೂತ ಮೇಲೆ ಮಾತ್ರ, "ನೀ ಒಮ್ಮಿ ಬಾ ಅಕ್ಕ. ಮೆಟ್ರೊ ತೋರಸ್ತೀನಿ," ಅಂದಳು. ಅವಳ ಉಡಿಯ ಕಡೆ ನನ್ನ ಕಣ್ಣು ಹೋಯಿತು. ಮಡಿಲಲ್ಲಿ ನೀರಿನ ಬಾಟಲಿ ಇತ್ತು. ಈ ಸಲವೂ ಬರಿ ಉಡಿಯಲ್ಲೇ ತವರಿನಿಂದ ಹೋದಳು.

ಈ ವರ್ಷದ ಸೂಟಿಯಲ್ಲಿ ಹೋದೆ. ಅಪ್ಪನಿಗೆ ಸುಳ್ಳು ಹೇಳಲಿಲ್ಲ. "ನಿನ್ನ ಮಗಳ ಮನಿಗೆ ಹೊಂಟೀನಿ," ಅಂದೆ. ಅವನು ಗೊಬ್ಬರದ ಚೀಲ ಎಣಿಸುತ್ತಿದ್ದ. ಎಣಿಕೆ ತಪ್ಪಿತೆಂದು ಮೊದಲಿನಿಂದ ಎಣಿಸಲು ಶುರುಮಾಡಿದ.

ಬಸ್ಸಿಳಿದಲ್ಲಿಗೆ ತಂಗಿ ಬಂದಿದ್ದಳು. ಒಂದು ದವಾಖಾನೆಯ ಕೌಂಟರಿನಲ್ಲಿ ಕೆಲಸ ಮಾಡುತ್ತಾಳೆ, ರಜೆ ಹಾಕಿ ಬಂದಿದ್ದಳು. ಚೂಡಿದಾರ, ಹೆಗಲ ಮೇಲೆ ಓಢಣಿ. ಸ್ವಲ್ಪ ಮೈತುಂಬಿದ್ದಳು. ಸ್ಟೇಷನ್ನಿನ ತಾನಾಗಿ ಏರುವ ಮೆಟ್ಟಿಲ ಮೇಲೆ ನನ್ನ ರಟ್ಟೆ ಗಟ್ಟಿಯಾಗಿ ಹಿಡಿದುಕೊಂಡಳು. ಚಿಕ್ಕಂದಿನಲ್ಲಿ ರಸ್ತೆ ದಾಟುವಾಗ ನಾನು ಅವಳನ್ನು ಹಿಡಿಯುತ್ತಿದ್ದೆ.

ಮೆಟ್ರೊ ಬಂತು. ಬಾಗಿಲು ತಾನಾಗಿ ತೆರೆಯಿತು. ಒಳಗೆ ಹೋಗಿ ನಿಂತೆ. ಅದೇ ಬಣ್ಣದ ಪಟ್ಟಿ, ಅದೇ ಜೋಡಿ ಬಾಗಿಲು, ಅದೇ ಹಿಡಿಕೆಗಳು. ಈಗ ಒಂದೊಂದು ಹಿಡಿಕೆಗೂ ಒಂದೊಂದು ಕೈ. ಸೀಟಿನ ಪ್ಲಾಸ್ಟಿಕ್ ಹೋಗಿತ್ತು. ಕೆಳಗೆ ಮನೆಗಳ ಮಾಳಿಗೆ, ನೀರಿನ ಟಾಕಿ, ಒಣಹಾಕಿದ ಸೀರೆ, ಯಾರದೋ ತುಳಸಿ ಕುಂಡ ಹಿಂದೆ ಹಿಂದೆ ಸರಿಯುತ್ತಿದ್ದವು. ಯಾರೂ ಯಾರ ಜಾತಿಯನ್ನೂ ಕೇಳುತ್ತಿರಲಿಲ್ಲ. ಅಪ್ಪ ಭಾಷಣದಲ್ಲಿ ಹೇಳಿದ್ದಷ್ಟೂ ನಿಜವಿತ್ತು, ಅದೇ ನನ್ನ ಸಿಟ್ಟನ್ನು ಹೆಚ್ಚು ಮಾಡಿತು.

ಚೀಲ ಕಾಲ ಮೇಲಿಟ್ಟುಕೊಂಡು ಕೂತೆ. ತಂಗಿ ಎದುರಿಗೆ ಕಂಬ ಹಿಡಿದು ನಿಂತಳು. ಆಗ ಹೇಳಿದೆ. ಡಬ್ಬಿ ಬಂದದ್ದು, ಅಪ್ಪ ಕಾಯಿ ಒಡೆದದ್ದು, ಅವ್ವ ಇಳಕಲ್ ಸೀರೆ ಉಟ್ಟು ಚೀಲ ಹತ್ತಿ ನಿಂತದ್ದು, ಹಸಿರು ಖಣ, ನಾಲ್ಕು ಕಾಳು. ಡ್ರೈವರ್ ಕನ್ನಡಿ ಒರೆಸಿದ್ದನ್ನು ಮಾತ್ರ ನುಂಗಿದೆ. ಇದನ್ನು ಕೇಳಿದರೆ ಅವಳ ಎದೆ ಹಗುರಾಗುತ್ತದೆ, ಅವ್ವ ಕೊನೆಗೂ ತನ್ನ ಉಡಿ ತುಂಬಿ ಕಳಿಸಿಕೊಟ್ಟಳು ಅಂದುಕೊಳ್ಳುತ್ತಾಳೆ ಎಂದು ನಾನು ತಿಳಿದಿದ್ದೆ.

ತಂಗಿ ಕಿಟಕಿಯ ಹೊರಗೆ ನೋಡುತ್ತಿದ್ದಳು.

"ಡಬ್ಬಿಗೆ ತುಂಬಿದ್ಳು," ಅಂದಳು. "ನನಗ ಅಲ್ಲ."

"ಹಂಗಲ್ಲವ್ವಾ, ನಿನ್ನ ನೆನೆಸೇ..."

"ಹುಮನಾಬಾದಿಂದ ಪುಣೆಗೆ ಎಷ್ಟು ಬಸ್ ಅವ ಅಕ್ಕ? ಅವ್ವಗ ಕಾಲಿದ್ದವು. ಡಬ್ಬಿಗೆ ಕಾಲಿರಲಿಲ್ಲ, ಅದೇ ಬಂತು." ಅವಳ ದನಿ ಏರಲಿಲ್ಲ. ದವಾಖಾನೆಯಲ್ಲಿ ರೋಗಿಯ ಹೆಸರು ಕೇಳಿ ಕೇಳಿ ಬಂದ ದನಿ ಇರಬೇಕು. "ಲೋಖಂಡಕ್ಕ ಉಡಿ ತುಂಬೂದು ಸುಲಭ ಅದ. ಅಪ್ಪ ಬೈಯಂಗಿಲ್ಲ, ಮಂದಿ ನಗಂಗಿಲ್ಲ. ನಾ ಆ ಬಾಗಿಲಾಗ ಬ್ಯಾಗ್ ಹಿಡ್ಕೊಂಡು ಎಷ್ಟು ಹೊತ್ತು ನಿಂತಿದ್ದೆ, ನಿನಗ ನೆನಪದ ಏನು? ಮೊರದಾಗ ಅಕ್ಕಿ ಇತ್ತು. ನನಗ ಕಾಣಸ್ತಿತ್ತು."

ನನಗೆ ನೆನಪಿತ್ತು. ಮೇಲಿನ ಸ್ಪೀಕರ್ ಮರಾಠಿಯಲ್ಲಿ ಮುಂದಿನ ಸ್ಟೇಷನ್ನಿನ ಹೆಸರು ಹೇಳಿತು.

"ನಾನೇ ತಂದು ತುಂಬತೀನಿ ಅಂದಿದ್ದೆ," ಅಂದೆ ಆಮೇಲೆ. ಹೇಳಬಾರದಿತ್ತೇನೋ. "ನಿನ್ನ ಕೈಲೆ ಬ್ಯಾಡ ಅಂದ್ಳು."

ತಂಗಿ ಆಗ ಮೊದಲ ಸಲ ನನ್ನ ಕಡೆ ತಿರುಗಿದಳು. ನನ್ನ ಹಣೆ ನೋಡಲಿಲ್ಲ, ಕೈ ನೋಡಲಿಲ್ಲ, ಮುಖ ನೋಡಿದಳು. ಕಂಬ ಬಿಟ್ಟಳು. ಓಢಣಿಯನ್ನು ಹೆಗಲಿಂದ ಇಳಿಸಿ, ಎರಡೂ ತುದಿ ಹಿಡಿದು, ಜನರ ನಡುವೆ ನನ್ನ ಮುಂದೆ ಒಡ್ಡಿದಳು. ರೈಲು ಹೊರಳಿದಾಗ ಒಮ್ಮೆ ತೂರಾಡಿ ಮತ್ತೆ ನೆಟ್ಟಗೆ ನಿಂತಳು.

"ಹಂಗಾದ್ರ ಈಗ ತುಂಬು," ಅಂದಳು. "ನಿನ್ನ ಕೈಲೇ ಬೇಕು ನನಗ. ನನ್ನ ಹೊಟ್ಟ್ಯಾಗ ಮತ್ತ ಕೂಸು ಅದ ಅಕ್ಕ."

ಪಕ್ಕದ ಹೆಣ್ಣುಮಗಳು ಮೊಬೈಲಿನಿಂದ ಕಣ್ಣೆತ್ತಿ ನೋಡಿದಳು. ನಾನು ಚೀಲದ ಬಾಯಿ ಬಿಚ್ಚಿದೆ. ಕಡಕ್ ರೊಟ್ಟಿಯ ಕಟ್ಟು ಇತ್ತು. ಶೇಂಗಾ ಹಿಂಡಿ ಇತ್ತು, ಅಗಸಿ ಹಿಂಡಿ ಇತ್ತು, ಮಾವಿನ ಉಪ್ಪಿನಕಾಯಿ, ಜೋಳದ ಹಪ್ಪಳ, ಅವಳು ಇಷ್ಟಪಡುವ ಹುಣಸೆಹಣ್ಣಿನ ತೊಕ್ಕು. ವಾರದಿಂದ ಕೂತು ಒಂದೊಂದನ್ನೇ ನೆನೆಸಿಕೊಂಡು ಕಟ್ಟಿದ್ದೆ. ಒಂದು ಹಿಡಿ ಅಕ್ಕಿ ಇರಲಿಲ್ಲ. ಕೊಬ್ಬರಿ ಬಟ್ಟಲು ಇರಲಿಲ್ಲ. ಒಂದು ಖಣ ಇರಲಿಲ್ಲ. ಮರೆತದ್ದಲ್ಲ. ತರಬೇಕೆಂದು ನನ್ನ ತಲೆಗೆ ಒಮ್ಮೆಯೂ ಹೊಳೆದಿರಲಿಲ್ಲ. ಅವ್ವ ಸತ್ತರೂ ಅವಳ ಮಾತು ನನ್ನ ಕೈಯಲ್ಲಿ ಜೀವಂತ ಕೂತಿತ್ತು.

ಆದರೂ ಚೀಲದ ತಳದವರೆಗೆ ಕೈ ಹಾಕಿ ಹುಡುಕುತ್ತಲೇ ಇದ್ದೆ. ತಂಗಿ ಓಢಣಿ ಒಡ್ಡಿಕೊಂಡು ನಿಂತೇ ಇದ್ದಳು. ರೈಲು ನಿಧಾನವಾಯಿತು. ಅವಳು ಓಢಣಿಯನ್ನು ಮಡಚಿ ಹೆಗಲಿಗೆ ಹಾಕಿಕೊಂಡಳು. ನನ್ನ ಚೀಲದ ಬಾಯಿ ತಾನೇ ಕಟ್ಟಿ ಎತ್ತಿಕೊಂಡಳು.

"ಇರ್ಲಿ ಬಿಡು ಅಕ್ಕ," ಅಂದಳು. "ಇಳಿ. ಈ ಬಾಗಿಲಾ ಭಾಳ ಹೊತ್ತು ತೆರೆದಿರಂಗಿಲ್ಲ."